ಸುಣ್ಣದ ಕೆಳಗಿನ ನೀಲಿ

ಮಾತೆ ಮರಿಯಮ್ಮನವರನ್ನು ಟೌನ್ ಚರ್ಚಿನ ಫಾದರ್ ಜೀಪಿನ ಹಿಂದಿನ ಸೀಟಿನಲ್ಲಿ ಎರಡು ದಿಂಬುಗಳ ನಡುವೆ ಮಲಗಿಸಿಕೊಂಡು ತಂದರು. ಹಲಸಿನ ಮರದ ಪ್ರತಿಮೆ, ನಾಲ್ಕು ವರ್ಷದ ಮಗುವಿನಷ್ಟು ಎತ್ತರ. ಮುಖಕ್ಕೆ ಟವೆಲ್ ಸುತ್ತಿತ್ತು. ಟವೆಲ್ಲಿನಿಂದ ಕೆಳಗೆ, ಭುಜದಿಂದ ಪೀಠದವರೆಗೆ, ಒಂದು ಪಾದ ಬಿಟ್ಟು ಎಲ್ಲ ಬಿಳಿ. ಸುಣ್ಣದ ಬಿಳಿ. ಉಡುಪಿನ ನೆರಿಗೆಗಳ ಸಂದಿನಲ್ಲಿ ಗಟ್ಟಿಯಾಗಿ ಕೂತಿದ್ದ, ಬ್ರಷ್ಷಿನ ಗೆರೆಗಳೂ ಎದ್ದು ಕಾಣುತ್ತಿದ್ದ ಬಿಳಿ.

“ಯಾರು ಮಾಡಿದ್ದು ಫಾದರ್?” ಎಂದೆ.

ಫಾದರ್ ಜೀಪಿನ ಕಡೆ ನೋಡಿದರು. ಮುಂದಿನ ಸೀಟಿನಿಂದ ಎಸ್ಟೇಟಿನ ರೈಟರ್ ಇಳಿದರು. ತೋಟದ ಆಳುಗಳ ಹಾಜರಿ, ದಿನದ ಕೆಲಸ ಎಲ್ಲ ನೋಡಿಕೊಳ್ಳುವವರು. ಐವತ್ತು ದಾಟಿದ ವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೇಡದಿದ್ದರೂ ಹಿಡಿದುಕೊಂಡ ಕೊಡೆ.

“ನಾನೇ, ಟೀಚರಮ್ಮ. ಹುಳ ಬಿದ್ದಿತ್ತು. ಸುಣ್ಣ ಹೊಡ್ದುಬುಟ್ಟೆ.”

ಕಾಫಿ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಅಷ್ಟು ಸಾಕಾಗಿತ್ತು. ತೋಟ ಕಾಣದವರಿಗಾಗಿ ಹೇಳುತ್ತೇನೆ. ಅರೇಬಿಕಾ ಗಿಡಕ್ಕೆ ದೊಡ್ಡ ಶತ್ರು ಕಾಂಡ ಕೊರೆಯುವ ಹುಳ; ನಮ್ಮ ಕಡೆ ಬೋರರ್ ಅಂತಲೇ ಹೇಳುವುದು. ಬೇಸಿಗೆಯಲ್ಲಿ ಅದರ ದುಂಬಿ ಹಾರಿ ಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವ ಮೊದಲು ಆಳುಗಳು ತೆಂಗಿನ ನಾರಿನಿಂದ ಕಾಂಡ ಉಜ್ಜಿ ಸುಣ್ಣದ ನೀರು ಬಳಿಯುತ್ತಾರೆ. ಆ ದಿನಗಳಲ್ಲಿ ಹೆಗ್ಗದ್ದೆ ಕಡೆಯ ತೋಟಗಳಲ್ಲಿ ನಡೆದರೆ ಮರದ ನೆರಳಿನಲ್ಲಿ ಬಿಳಿ ಸ್ಟಾಕಿಂಗ್ಸ್ ಹಾಕಿದ ಸ್ಕೂಲ್ ಮಕ್ಕಳು ಅಸೆಂಬ್ಲಿಗೆ ನಿಂತ ಹಾಗೆ ಕಾಣುತ್ತದೆ. ಹುಳ ಒಳಹೊಕ್ಕ ಗಿಡವನ್ನಾದರೆ ಗುರುತು ಮಾಡಿ, ಕಿತ್ತು, ಸುಡಬೇಕು.

ರೈಟರ್ ಎಸ್ಟೇಟಿನ ಚಾಪೆಲ್‌ನಲ್ಲಿ ಪ್ರತಿಮೆಯ ಪೀಠದ ಬಳಿ ಮರದ ಹುಡಿ ಉದುರಿದ್ದನ್ನು ಕಂಡಿದ್ದರು. ಬಗ್ಗಿ ನೋಡಿದರೆ ಸಣ್ಣ ಸಣ್ಣ ತೂತುಗಳು. ಸುಡುವ ಮಾತನ್ನು ಮನಸ್ಸಿಗೂ ತರಲಾರದೆ, ಅವರಿಗೆ ಗೊತ್ತಿದ್ದ ಇನ್ನೊಂದು ಮದ್ದನ್ನು ಮಾಡಿದ್ದರು. ಮುಖಕ್ಕೆ ಮಾತ್ರ ಬ್ರಷ್ ಮುಟ್ಟಿಸಲು ಕೈ ಬಾರದೆ ತಮ್ಮದೇ ಟವೆಲ್ ಕಟ್ಟಿದ್ದರು. ಆಗ ತಪಸ್ಸುಕಾಲದ ಕೊನೆ. ಈಸ್ಟರ್‌ಗೆ ಮುಂಚಿನ ಆ ವಾರಗಳಲ್ಲಿ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆಯ ಮುಸುಕು ಹಾಕಿರುತ್ತಾರೆ. ರೈಟರ್ ಮುಸುಕು ಎತ್ತಿ, ಬಳಿದು, ಒಣಗಿದ ಮೇಲೆ ಮತ್ತೆ ಇಳಿಸಿದ್ದರು. ಈಸ್ಟರ್ ದಿನ ಫಾದರ್ ಟೌನಿನ ಪೂಜೆ ಮುಗಿಸಿ ತೋಟಕ್ಕೆ ಹೋಗಿ ಜನರೆದುರು ಮುಸುಕು ತೆಗೆದಾಗಲೇ ಎಲ್ಲರಿಗೂ ಗೊತ್ತಾದದ್ದು. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದರು. ಸಂಜೆಯ ಹೊತ್ತಿಗೆ ಟೌನಿನಲ್ಲಿ, ಬೇಕೆಂದೇ ಮಾಡಿದ್ದಾರೆ ಎನ್ನುವ ಮಾತು ಹುಟ್ಟಿಕೊಂಡಿತ್ತು.

ಫಾದರ್ ಕರಾವಳಿ ಕಡೆಯವರು, ಮಾತು ಅಳೆದು ಆಡುವವರು. “ಟೀಚರ್, ಮೇ ತಿಂಗಳು ಮಾತೆಯ ತಿಂಗಳು. ಕೊನೆಯ ದಿನ ಚಾಪೆಲ್‌ನಲ್ಲಿ ಜಪಮಾಲೆ ಪ್ರಾರ್ಥನೆ ಆಗಬೇಕು. ಅಷ್ಟರೊಳಗೆ ಸರಿಯಾಗುತ್ತದಾ ನೋಡಿ. ಇನ್ನೊಂದು ಮಾತು. ಸರಿಯಾದರೂ ತೋಟಕ್ಕೆ ವಾಪಸ್ ಕಳಿಸುವುದು ಬೇಡ ಎನ್ನುವವರು ಚರ್ಚ್ ಕಮಿಟಿಯಲ್ಲಿ ಇದ್ದಾರೆ. ಟೌನ್ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡುವುದು, ಚಾಪೆಲ್‌ಗೆ ಬೀಗ ಹಾಕುವುದು. ಜನ ಹಿಂದಿನ ಹಾಗೆ ಮುಟ್ಟಲಿಕ್ಕೆ ಬಿಡಬಹುದಾ, ಬಿಡಬಾರದಾ, ನೀವು ಪರೀಕ್ಷೆ ಮಾಡಿ ಹೇಳಿ. ನಿಮ್ಮ ಮಾತಿನ ಮೇಲೆ ನಿರ್ಧಾರ ಮಾಡುತ್ತೇವೆ.”

ರೈಟರ್ ಕೊಡೆಯ ಹಿಡಿಯನ್ನೇ ನೋಡುತ್ತ ಕೇಳಿದರು: “ಅಮ್ಮ ವಾಪಸ್ ಬತ್ತಾಳಾ ಟೀಚರಮ್ಮ?”

“ನೋಡೋಣ ರೈಟ್ರೇ” ಎಂದೆ, ಡಾಕ್ಟರುಗಳು ಹೇಳುವ ಹಾಗೆ.

ನಾನು ಕ್ರಿಶ್ಚಿಯನ್ ಅಲ್ಲ. ಇಲ್ಲಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದು, ಅಲ್ಲೇ ಡ್ರಾಯಿಂಗ್ ಟೀಚರಾಗಿ ರಿಟೈರ್ ಆದವಳು. ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ಶನಿವಾರಗಳಲ್ಲಿ ಸಂತರ ಮುರಿದ ಬೆರಳು, ಚಕ್ಕೆ ಎದ್ದ ಮೂಗು ರಿಪೇರಿ ಮಾಡುವಾಗ ಬಣ್ಣದ ಬಟ್ಟಲು ಹಿಡಿಯಲು ನನ್ನನ್ನು ಕರೆಯುತ್ತಿದ್ದರು. ಪವಿತ್ರ ಅವಶೇಷಗಳ ವಿಷಯ ನಾನು ಕೇಳಿದ್ದು ಆಗಲೇ. ಸಂತರ ಮೂಳೆಯಾದರೆ ಫಸ್ಟ್ ಕ್ಲಾಸ್, ಅವರು ಉಟ್ಟ ಬಟ್ಟೆಯಾದರೆ ಸೆಕೆಂಡ್ ಕ್ಲಾಸ್, ಅವಕ್ಕೆ ಮುಟ್ಟಿಸಿದ ಬಟ್ಟೆ ಥರ್ಡ್ ಕ್ಲಾಸ್. ರೈಲಿನ ಟಿಕೆಟ್ಟಿನ ಹಾಗಿದೆ ಎಂದು ನಾವು ಹುಡುಗಿಯರು ನಕ್ಕಿದ್ದಕ್ಕೆ ಸಿಸ್ಟರ್ ನಮ್ಮನ್ನು ಮಂಡಿಯೂರಿಸಿದ್ದರು. ಆರಾಧನೆ ದೇವರಿಗೆ ಮಾತ್ರ, ಪ್ರತಿಮೆಗೆ ಗೌರವ, ಆ ಗೌರವವೂ ಮರಕ್ಕಲ್ಲ, ಮರ ಯಾರನ್ನು ನೆನಪಿಸುತ್ತದೋ ಅವರಿಗೆ ಎಂದು ಹೇಳಿಕೊಟ್ಟವರೂ ಅವರೇ. ಜೊತೆಗೆ ಇನ್ನೊಂದು ಪಾಠ: “ಹ್ಯಾಂಡ್ಸ್ ಆಫ್, ಗರ್ಲ್ಸ್.” ಕೈಯ ಬೆವರು, ಎಣ್ಣೆ, ಬಣ್ಣಕ್ಕೆ ವಿಷ. ಅದನ್ನು ನಾನು ಜೀವಮಾನವಿಡೀ ಪಾಲಿಸಿದೆ, ಇತರರಿಗೂ ಹೇಳಿದೆ.

ಕಾನ್ವೆಂಟಿನ ಹಳೆಯ ಹೊಲಿಗೆ ಕೋಣೆಯಲ್ಲಿ, ಉತ್ತರದ ಕಿಟಕಿಯ ಬಳಿ ಮೇಜು ಹಾಕಿಸಿಕೊಂಡೆ. ಮೊದಲ ಕೆಲಸ ಹುಳದ ವಿಚಾರಣೆ. ಪೀಠದ ಕೆಳಗೆ ಕಪ್ಪು ಡ್ರಾಯಿಂಗ್ ಪೇಪರ್ ಹಾಸಿ ಬಿಟ್ಟೆ. ಒಳಗೆ ಜೀವಂತ ಹುಳವಿದ್ದರೆ ಹೊಸ ಹುಡಿ ಬೀಳಬೇಕು. ದಿನಗಳು ಕಳೆದರೂ ಪೇಪರ್ ಕಪ್ಪಾಗಿಯೇ ಉಳಿಯಿತು. ತೂತುಗಳ ಅಂಚನ್ನು ಲೆನ್ಸಿನಲ್ಲಿ ನೋಡಿದೆ. ಒಳಗೆ ಹಳೆಯ ಮಸಿ, ಧೂಳು. ಹುಳ ಯಾವ ಕಾಲದಲ್ಲೋ ಸತ್ತಿತ್ತು. ಮುಸುಕು ಹಾಕುವಾಗ ಪ್ರತಿಮೆಯನ್ನು ಅಲುಗಾಡಿಸಿದ್ದಕ್ಕೆ ಒಳಗಿದ್ದ ಹಳೆಯ ಹುಡಿ ಉದುರಿದೆ, ಅಷ್ಟೆ. ಈ ಸಂಗತಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡೆ.

ಎರಡನೆಯದು ಸುಣ್ಣ. ನೀರು ಬೆರೆಸಿದ ವಿನೆಗರ್‌ಗೆ ಸುಣ್ಣ ಕರಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೆನ್ನ ಕಡೆ, ಕಾಣದ ಜಾಗದಲ್ಲಿ, ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ತೊಟ್ಟು ಮುಟ್ಟಿಸಿದೆ. ಸುಣ್ಣ ನೊರೆಯಾಗಿ ಬಿಟ್ಟುಕೊಂಡಿತು. ಖುಷಿಯಾಗುವಷ್ಟರಲ್ಲಿ ಪಕ್ಕದ ಬಿರುಕಿನೊಳಗೂ ನೊರೆ ಏಳುತ್ತಿರುವುದು ಕಂಡಿತು. ಹಳೆಯ ಬಡಗಿಗಳು ಮರದ ಮೇಲೆ ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಮೆತ್ತಿ, ಅದರ ಮೇಲೆ ಬಣ್ಣ ಹಚ್ಚುತ್ತಿದ್ದರು. ವಿನೆಗರ್‌ಗೆ ರೈಟರ್ ಬಳಿದ ಸುಣ್ಣ ಯಾವುದು, ಬಣ್ಣವನ್ನು ಹೊತ್ತು ನಿಂತ ತಳ ಯಾವುದು ಎಂಬ ಭೇದ ತಿಳಿಯದು. ಹೀಗೇ ಮುಂದುವರಿದಿದ್ದರೆ ಬಣ್ಣವೆಲ್ಲ ಹಪ್ಪಳದಂತೆ ಕೈಗೆ ಬರುತ್ತಿತ್ತು. ಬಾಟಲಿಗೆ ಮುಚ್ಚಳ ಹಾಕಿದೆ.

ಉಳಿದದ್ದು ಒಣ ದಾರಿ. ಬಿದಿರಿನ ಕಡ್ಡಿಯನ್ನು ಉಳಿಯ ಬಾಯಿಯಂತೆ ಚೂಪು ಮಾಡಿ, ಸುಣ್ಣದ ಪದರವನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸುವುದು, ಹುಡಿಯನ್ನು ಕೋಳಿಪುಕ್ಕದಿಂದ ಗುಡಿಸುವುದು, ಹಟ ಹಿಡಿದ ಕಡೆ ಮಾತ್ರ ಬಟ್ಟಿ ಇಳಿಸಿದ ನೀರಿನ ಒದ್ದೆ ಹತ್ತಿ ಇಟ್ಟು ಕಾಯುವುದು. ಕಡ್ಡಿ ಮೊಂಡಾದರೆ ಇನ್ನೊಂದು. ನನ್ನ ಬೆರಳುಗಳು ಈಗ ಬೆಳಗಿನಲ್ಲಿ ಮಾತು ಕೇಳುತ್ತವೆ, ಮಧ್ಯಾಹ್ನದ ಮೇಲೆ ಮುಷ್ಕರ ಹೂಡುತ್ತವೆ. ಅಂಗೈಯಗಲ ಬಿಡಿಸಿದರೆ ಅಂದಿಗೆ ಸಾಕು.

ಹೀಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ದೀಪದ ಅಜ್ಜಿ ಬಂದರು. ಎಸ್ಟೇಟಿನವರು ಆಳುಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿರುವ ಹಳೆಯ ಆಳು. ಕಾಫಿ ಕೊಯ್ಲು, ರೆಂಬೆ ಸವರುವ ಕಸಿ ಎಲ್ಲ ಮುಗಿಸಿ ಈಗ ಚಾಪೆಲ್ ಗುಡಿಸಿ ದೀಪ ಹಚ್ಚುವವರು. ರೈಟರಂತೆ ಅವರೂ ಹಿಂದೂ, ಆ ಲೈನಿನಲ್ಲಿ ಈಗ ಇರುವವರು ಬಹುಪಾಲು ಹಿಂದೂಗಳೇ. ಬಸ್ಸಿಳಿದು ನೇರ ಬಂದವರು ಬಾಗಿಲಲ್ಲೇ ನಿಂತು ಪ್ರತಿಮೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅರ್ಧ ಸೀರೆ ಉಡ್ಸಿದಂಗೆ ಐತಲ್ಲವ್ವ.”

“ಇನ್ನರ್ಧ ಬಿಡಿಸಬೇಕು. ಬನ್ನಿ, ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ನೆಲದ ಮೇಲೆ ಹಾಸಿದ್ದ ಪೇಪರಿನಲ್ಲಿ ಸುಣ್ಣದ ಹುಡಿ, ಬಳಸಿದ ಹತ್ತಿ ಗುಡ್ಡೆಯಾಗಿತ್ತು. “ಇದ್ನ ಎಲ್ಲಿಗ್ ಹಾಕ್ತೀರಾ?”

“ಡಸ್ಟ್‌ಬಿನ್‌ಗೆ. ಇನ್ನೆಲ್ಲಿಗೆ?”

“ಅಮ್ಮನ ಮೈಮೇಲಿದ್ದಿದ್ದ ಕಸದ ಡಬ್ಬಕ್ಕಾ? ಸರಿಯಾಗ್ ಕಲ್ತಿದ್ದೀರಿ ಬಿಡಿ.” ಸೊಂಟದಿಂದ ಒಂದು ಬಟ್ಟೆಯ ಚೀಲ ತೆಗೆದು, ಹುಡಿಯನ್ನೆಲ್ಲ ಅಂಗೈಯಿಂದ ಬಳಿದು ತುಂಬಿಕೊಂಡರು. “ಎಲ್ಲ ಮುಗ್ದ್ ಮೇಲೆ ಅಲ್ಲೇ ಮಣ್ಣು ಮಾಡಾನ. ಇನ್ಮೇಲಿಂದು ಇದ್ರಲ್ಲೇ ಹಾಕಿ.”

ನನಗೆ ಸಿಸ್ಟರ್ ನೆನಪಾದರು. ಆಶೀರ್ವಾದ ಮಾಡಿದ ವಸ್ತು ಹಾಳಾದರೆ ಸುಡಬೇಕು ಇಲ್ಲವೇ ಹೂಳಬೇಕು, ಎಸೆಯಕೂಡದು ಎಂದು ಅವರೂ ಹೇಳುತ್ತಿದ್ದರು. ಥರ್ಡ್ ಕ್ಲಾಸ್ ಟಿಕೆಟ್ ಎಂದು ನಕ್ಕವಳು ಆ ಚೀಲವನ್ನು ಮೇಜಿನ ಕೊಕ್ಕೆಗೆ ನೇತುಹಾಕಿದೆ.

ಹೊರಡುವ ಮುಂಚೆ ಅಜ್ಜಿ ಬಗ್ಗಿ ಪ್ರತಿಮೆಯ ಬಲಪಾದ ಮುಟ್ಟಿದರು. ಉಡುಪಿನ ಅಂಚಿನಿಂದ ಹೊರಗೆ ಚಾಚಿದ ಪಾದ ಅದೊಂದೇ. ಬೆರಳುಗಳು ಸವೆದು ಗುಂಡಗಾಗಿ, ಕರ್ರಗೆ ಹೊಳೆಯುತ್ತಿತ್ತು. ಲೈನಿನ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗುವ ಮೊದಲು ಆ ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ, ಅದೇ ಎಣ್ಣೆಯನ್ನು ಹೊಟ್ಟೆಗೆ ಹಚ್ಚಿಕೊಳ್ಳುವುದು ಯಾರ ಕಾಲದಿಂದಲೋ ನಡೆದು ಬಂದಿದೆ.

“ಮೊಮ್ಮಗ್ಳಿಗೆ ತಿಂಗ್ಳು ತುಂಬ್ತಾ ಐತೆ” ಎಂದರು. “ಚಾಪೆಲ್ಲಿಗೆ ಹೋಗಿ ಬರೀ ಗೋಡೆ ನೋಡ್ಕಂಡ್ ಬತ್ತಾಳೆ. ಗಾಜಿನ್ ಪೆಟ್ಗೇಲಿಡ್ತಾರಂತೆ, ದಿಟವಾ?”

“ಇನ್ನೂ ತೀರ್ಮಾನ ಆಗಿಲ್ಲ.”

“ಮುಟ್ಟಾಕಿಲ್ದಿದ್ ಮೇಲೆ ಫೋಟಾನೇ ಸಾಕಲ್ಲ. ಫೋಟಾ ನಮ್ಮನೇಲೂ ಐತೆ.”

ಆಗ ನನ್ನ ಅಭಿಪ್ರಾಯ ಗಾಜಿನ ಪರವಾಗಿಯೇ ಇತ್ತು.

ಮೇಲಿನಿಂದ ಸುಣ್ಣ ಬಿಡಿಸುತ್ತ ಬಂದ ಹಾಗೆ ನನಗೆ ದಿಗಿಲು ಹೆಚ್ಚಿತು. ಒಳ ಅಂಗಿಯ ಕೆಂಪು, ಸೊಂಟದ ಪಟ್ಟಿಯ ಹಳದಿ ಮಂಕಾಗಿದ್ದರೂ ಉಳಿದಿದ್ದವು. ಮೇಲುಹೊದಿಕೆ ಮಾತ್ರ ಉದ್ದಕ್ಕೂ ತುಕ್ಕಿನ ಬಣ್ಣ. ಅದು ನೀಲಿಯಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಫಾದರ್ ತಂದುಕೊಟ್ಟ ಹಳೆಯ ಫೋಟೊ ಕಪ್ಪು ಬಿಳುಪು, ಮೊಬೈಲಿನವು ದೀಪದ ಹಳದಿ ಬೆಳಕಿನಲ್ಲಿ ಮುಳುಗಿದ್ದವು. ಕಾರಣ ಹೊಳೆದಾಗ ಕಡ್ಡಿ ಕೆಳಗಿಟ್ಟೆ. ಪ್ರಷ್ಯನ್ ಬ್ಲೂ ಎಂಬ ಬಣ್ಣವನ್ನು ಸುಣ್ಣದ ಗೋಡೆಗೆ ಹಚ್ಚಬಾರದು, ಸುಣ್ಣ ಅದನ್ನು ತಿಂದು ಕಂದು ಮಾಡಿಬಿಡುತ್ತದೆ ಎಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಹೀಗೆ ಹೋದ ನೀಲಿ ತೊಳೆದರೆ ಬರುವುದಿಲ್ಲ. ಕೊಳೆಯಾಗಿದ್ದರೆ ತೆಗೆಯಬಹುದಿತ್ತು. ಇದು ಬಣ್ಣವೇ ಇನ್ನೊಂದಾಗಿಬಿಟ್ಟದ್ದು.

ಸಿಸ್ಟರ್ ಇದ್ದಿದ್ದರೆ ಏನು ಮಾಡುತ್ತಿದ್ದರೋ. ನಾನು ಸುಲಭದ ದಾರಿ ಹಿಡಿದೆ. ಹಳೆಯ ಪದರಕ್ಕೆ ತೆಳುವಾಗಿ ವಾರ್ನಿಶ್ ಕೊಟ್ಟು, ಅದರ ಮೇಲೆ ಅಲ್ಟ್ರಾಮರೀನ್‌ಗೆ ಬಿಳಿ ಬೆರೆಸಿ, ಪಾದದ ಬಳಿಯ ಜಿಡ್ಡಿನ ಮೂಲೆ ಬಿಟ್ಟು ಹೊದಿಕೆ ತುಂಬ ಹಚ್ಚಿದೆ. ಕ್ಯಾಲೆಂಡರಿನಲ್ಲಿ ಕಾಣುವ ಆಕಾಶದ ನೀಲಿ. ಒಣಗಿದ ಮೇಲೆ ದೂರ ನಿಂತು ನೋಡಿದೆ. ಅಂಗಡಿಯಿಂದ ಆಗಷ್ಟೇ ತಂದ ಗೊಂಬೆಯಂತಿತ್ತು. ಮುಖ ಮಾತ್ರ ಹಳೆಯದು, ಟವೆಲ್ಲಿನ ಪುಣ್ಯದಿಂದ ಕೂದಲೆಳೆಯ ಹುಬ್ಬೂ ಉಳಿದುಕೊಂಡ ಮುಖ. ಅದು ಯಾರದೋ ಮನೆಯ ಬಟ್ಟೆ ತೊಟ್ಟು ಮುಜುಗರದಲ್ಲಿರುವಂತೆ ಕಂಡಿತು. ಫಾದರ್ ಬಂದು ನೋಡಿ “ಚೆನ್ನಾಗಿದೆ ಟೀಚರ್” ಎಂದರು, ಸ್ವಲ್ಪ ತಡೆದು. “ಪಾದವನ್ನೂ ಕ್ಲೀನ್ ಮಾಡಿ ಬೆರಳು ಕೂರಿಸಿಬಿಡಿ. ಪೂರ್ತಿಯಾಗಲಿ.”

ಹಲಸಿನ ಚೂರುಗಳಲ್ಲಿ ಪುಟ್ಟ ಬೆರಳುಗಳನ್ನು ಕೆತ್ತಿಟ್ಟೆ. ಇನ್ನು ಪಾದದ ಜಿಡ್ಡು ತೆಗೆಯಬೇಕು. ಎಣ್ಣೆ, ಹೊಗೆ, ಅರಿಶಿನ, ಕೈಬೆವರು ಎಲ್ಲ ಸೇರಿ ಹುಣಸೆಹಣ್ಣಿನ ಸಿಪ್ಪೆಯಂತೆ ಗಟ್ಟಿಯಾಗಿದ್ದ ಪದರ ಅದು. ಪಾದದ ಮೇಲಷ್ಟೇ ಅಲ್ಲ, ಅದರ ಮೇಲಿನ ಉಡುಪಿನ ಅಂಚಿಗೂ ಹತ್ತಿಕೊಂಡಿತ್ತು. ಅಲ್ಲಿ ರೈಟರ ಸುಣ್ಣ ಹಿಡಿದೇ ಇರಲಿಲ್ಲ. ಎಣ್ಣೆಯ ಮೇಲೆ ಬಿದ್ದ ನೀರಿನಂತೆ ಜಾರಿಹೋಗಿತ್ತು. ಪಾದದ ಪಕ್ಕ ಇಳಿಬಿದ್ದ ಹೊದಿಕೆಯ ಮೂಲೆಯಿಂದ ಶುರು ಮಾಡೋಣ ಎಂದು ಟರ್ಪೆಂಟೈನಿನ ಹತ್ತಿಯನ್ನು ಇಟ್ಟು, ಕಾದು, ಮೆಲ್ಲಗೆ ಉರುಳಿಸಿದೆ. ಕಪ್ಪು ಬಂತು. ಮತ್ತೊಂದು ಹತ್ತಿ, ಕಂದು ಬಂತು. ಮೂರನೆಯದನ್ನು ಎತ್ತಿದಾಗ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ನೀಲಿ ಕಂಡಿತು.

ಆಕಾಶದ ನೀಲಿ ಅಲ್ಲ. ಮಳೆಗಾಲ ಮುಗಿದ ಮೇಲೆ ಬಿಸಿಲೆ ಘಾಟಿ ಕಡೆಯ ಗುಡ್ಡಗಳು ದೂರದಿಂದ ಕಾಣುವ ಬಣ್ಣ. ಒಳಗೆ ಹಸಿರಿದೆಯೋ ಇಲ್ಲವೋ ಹೇಳಲಾಗದ, ಆಳವಾದ ನೀಲಿ. ಇಡೀ ಪ್ರತಿಮೆಯಲ್ಲಿ ಅದನ್ನು ಮಾಡಿದ ಬಡಗಿ ಹಚ್ಚಿದ ನೀಲಿ ಉಳಿದದ್ದು ಅಲ್ಲೊಂದೇ ಕಡೆ. ಹೆಂಗಸರ ಎಣ್ಣೆಗೈ ತಾಗಿದ ಕಡೆ.

ಹತ್ತಿ ಕೈಯಲ್ಲೇ ಇತ್ತು. ಮುಂದೆ ಉರುಳಿಸಿದರೆ ಆ ಅಂಚೆಲ್ಲ ನೀಲಿಯಾಗಿ ತೆರೆದುಕೊಳ್ಳುತ್ತಿತ್ತು, ಪಾದ ಬೆಳ್ಳಗಾಗುತ್ತಿತ್ತು, ನಾನು ಕೆತ್ತಿದ ಬೆರಳುಗಳು ಕೂರುತ್ತಿದ್ದವು. ಕಿಟಕಿಯ ಹೊರಗೆ ಮಕ್ಕಳ ಆಟದ ಬೆಲ್ ಹೊಡೆಯಿತು. ನಾನು ಹತ್ತಿಯನ್ನು ಅಜ್ಜಿಯ ಚೀಲಕ್ಕೆ ಹಾಕಿ, ಟರ್ಪೆಂಟೈನ್ ಮುಚ್ಚಿ, ಪಾದವನ್ನು ಇದ್ದ ಹಾಗೇ ಬಿಡುವುದು ಎಂದು ತೀರ್ಮಾನಿಸಿದೆ. ಆ ಉಗುರಗಲದ ಕಿಂಡಿ ಸಾಕು, ಬಣ್ಣ ಹೊಂದಿಸಲು.

ನನ್ನ ಕ್ಯಾಲೆಂಡರ್ ನೀಲಿಯನ್ನೆಲ್ಲ ಒರೆಸಿ ತೆಗೆದೆ. ಹೊಸ ಬಣ್ಣ, ಸುಲಭವಾಗಿ ಬಂತು. ಕಿಂಡಿಯ ಪಕ್ಕ ಬಟ್ಟಲು ಹಿಡಿದು, ಬೆಳಗಿನ ಬೆಳಕಿನಲ್ಲಿ ಮಾತ್ರ ಹೊಂದಿಸುತ್ತ, ಗಾಜಿನಷ್ಟು ತೆಳುವಾಗಿ ಪದರದ ಮೇಲೆ ಪದರ ಕೊಟ್ಟೆ. ಕೆಳಗಿನ ಕಂದು ಅಲ್ಲಲ್ಲಿ ಇಣುಕುತ್ತಿತ್ತು. ಅದನ್ನು ಮುಚ್ಚಲಿಲ್ಲ. ಆದದ್ದು ಆಗಿದೆ, ಅದೂ ಅಮ್ಮನ ಮೈಮೇಲಿನದೇ.

ಫಾದರ್ ಬಂದ ದಿನ ಲೆನ್ಸ್ ಕೊಟ್ಟು ಅಂಚನ್ನು ತೋರಿಸಿದೆ. ಅವರು ಮಂಡಿಯೂರಿ ಬಹಳ ಹೊತ್ತು ನೋಡಿದರು.

“ಕಮಿಟಿಗೆ ನಾನು ಏನು ಹೇಳಲಿ ಟೀಚರ್?”

“ಸುಳ್ಳು ಹೇಳಲಾರೆ. ಮುಟ್ಟಿದರೆ ಸವೆಯುತ್ತದೆ. ಬೆರಳು ಹೋದದ್ದು ಹಾಗೇ. ನೀಲಿ ಉಳಿದದ್ದೂ ಹಾಗೇ. ಗಾಜಿನೊಳಗೆ ಇಟ್ಟರೆ ಮರ ಹೆಚ್ಚು ಕಾಲ ಬಾಳಬಹುದು. ನನ್ನನ್ನು ಕೇಳಿದರೆ, ಬೇಡ. ಪಾದಕ್ಕೆ ಮಾತ್ರ ಎಣ್ಣೆ, ಉಳಿದ ಮೈಗೆ ಒಣ ಬಟ್ಟೆ. ಹುಳ ಕಂಡರೆ ಸುಣ್ಣ ಕಲಸುವ ಮೊದಲು ನನಗೊಂದು ಫೋನ್.”

ಫಾದರ್ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: “ಗೌರವ ಮರಕ್ಕಲ್ಲ ಎಂದು ಪ್ರತಿ ವರ್ಷ ನಾನು ಪೂಜೆಯ ಪ್ರಸಂಗದಲ್ಲಿ ಹೇಳುತ್ತೇನೆ. ಅದು ಸರಿಯೇ. ಆದರೆ ಕೈಯಿಡಲಿಕ್ಕೆ ಮರವೇ ಬೇಕಲ್ಲ.” ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿದರು. “ಕಮಿಟಿಯವರಿಗೆ ಲೆನ್ಸ್ ಕೊಟ್ಟು ತೋರಿಸಿ, ನಾನೂ ಮಾತಾಡುತ್ತೇನೆ.” ಅವರು ಬಂದರು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಒಬ್ಬ ಹಿರಿಯರು ಮಾತ್ರ ಗಾಜೇ ಒಳ್ಳೆಯದಿತ್ತು ಎಂದು ಕೊನೆಯವರೆಗೂ ಹೇಳಿದರು. ಉಳಿದವರು ವಾಪಸ್ ಕಳಿಸಲು ಒಪ್ಪಿದರು.

ಮೇ ಕೊನೆಯ ದಿನ ಜೀಪು ತಂದವರು ರೈಟರೇ. ದಾರಿಯಲ್ಲಿ ಪ್ರತಿಮೆಯನ್ನು ನಾನು ತೋಳಿನಿಂದ ಆನಿಸಿಕೊಂಡು ಕೂತಿದ್ದೆ. ಮೊದಲ ಮಳೆ ಬಿದ್ದು ತೋಟಗಳಲ್ಲಿ ಗಿಡದ ಕಾಲಿನ ಸುಣ್ಣ ಅರ್ಧ ತೊಳೆದುಹೋಗಿತ್ತು.

“ಟೀಚರಮ್ಮ, ಒಂದು ಮಾತು” ಎಂದರು ರೈಟರ್, ರಸ್ತೆಯಿಂದ ಕಣ್ಣು ತೆಗೆಯದೆ. “ನಾನು ಹೊಡೀದೆ ಇದ್ದಿದ್ರೆ ಹುಳ ಪೂರ್ತಿ ತಿಂದ್ಬುಡ್ತಿತ್ತಲ್ವಾ?”

ಹೌದು ಎಂದುಬಿಡಬಹುದಿತ್ತು. ಆ ಮನುಷ್ಯ ಈಸ್ಟರ್‌ನಿಂದ ಆ ಒಂದು ಹೌದಿಗಾಗಿ ಕಾದಿದ್ದರು.

“ಇಲ್ಲ ರೈಟ್ರೇ. ಹುಳ ಯಾವತ್ತೋ ಸತ್ತಿತ್ತು. ನೀವು ನೋಡಿದ್ದು ಹಳೇ ಹುಡಿ.”

ಅವರು ಗೇರ್ ಬದಲಿಸಿ ಒಂದು ತಿರುವು ದಾಟಿಸಿದರು. “ಹಂಗಾದ್ರೆ ಸುಮ್‌ಸುಮ್ನೆ ಮಾಡ್ದಂಗಾಯ್ತು” ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ: “ಹೇಳಿದ್ದು ಒಳ್ಳೇದಾಯ್ತು ಬಿಡಿ.”

ಚಾಪೆಲ್‌ನ ಹಿಂದೆ ಗುಂಡಿ ತೋಡಿಟ್ಟಿದ್ದರು. ಫಾದರ್ ಪ್ರಾರ್ಥನೆ ಹೇಳಿದರು, ಅಜ್ಜಿ ಚೀಲವನ್ನು ಬಿಚ್ಚದೆ ಹಾಗೇ ಇಳಿಸಿ ಮಣ್ಣು ಎಳೆದರು. ಒಳಗೆ ಜಪಮಾಲೆ ಶುರುವಾಯಿತು. ಮುಗಿದ ಮೇಲೆ ಹೆಂಗಸರು ಸಾಲಾಗಿ ಬಂದು ಪಾದ ಮುಟ್ಟಿದರು. ಅಜ್ಜಿಯ ಮೊಮ್ಮಗಳು ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದಳು. ಎಣ್ಣೆ ಸವರಿ, ಹೊಟ್ಟೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ನಿಂತಳು.

ರೈಟರ್ ಬಾಗಿಲ ಹೊರಗೇ ಇದ್ದರು.

ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಒಳಗಿನಿಂದಲೇ ಕೇಳಿದರು: “ಯಾಕ್ ರೈಟ್ರಪ್ಪ, ಅಲ್ಲೇ ನಿಂತ್ಬುಟ್ಟೆ? ಯಾರೂ ಇಲ್ದಾಗ ಮೈಯೆಲ್ಲ ಸುಣ್ಣ ಬಳ್ದೋನು, ಈಗ ಪಾದ ಮುಟ್ಟಾಕೆ ನಾಚ್ಕೆಯಾ? ಬಾ ಮಾರಾಯ.”

ಹೆಂಗಸರು ನಕ್ಕರು. ರೈಟರ್ ಚಪ್ಪಲಿ ಬಿಟ್ಟು ಒಳಬಂದರು. ಬಟ್ಟಲಿಗೆ ಹೆಬ್ಬೆರಳು ಅದ್ದಿ, ಬಗ್ಗಿ, ಕಣ್ಣು ತುಂಬಿಕೊಂಡದ್ದರಿಂದಲೋ ಏನೋ, ಪಾದ ತಪ್ಪಿ ಪಕ್ಕದ ಹೊದಿಕೆಯ ಅಂಚಿಗೆ ಒತ್ತಿದರು. ನಾನು ತೆರೆದಿಟ್ಟಿದ್ದ ಆ ಉಗುರಗಲದ ನೀಲಿಯ ಮೇಲೆಯೇ.

ನನ್ನ ಬ್ಯಾಗಿನಲ್ಲಿ ಹತ್ತಿ ಇತ್ತು, ಟರ್ಪೆಂಟೈನೂ ಇತ್ತು. ಎಣ್ಣೆ ನೀಲಿಯ ಮೇಲೆ ಹರಡಿಕೊಂಡು ದೀಪಕ್ಕೆ ಹೊಳೆಯುವುದನ್ನು ನೋಡುತ್ತ ಬ್ಯಾಗಿನ ಜಿಪ್ ಎಳೆದೆ. ಆಮೇಲೆ ಸಾಲಿನ ಕೊನೆಗೆ ಹೋಗಿ ನಿಂತುಕೊಂಡೆ.